ನೂರಿಪ್ಪತ್ತೊಂದು ಡಿಗ್ರಿ

ನೀಗಾತಾದಲ್ಲಿ ಫೆಬ್ರುವರಿ ಎಂದರೆ
ಕಿಟಕಿಯ ಅರ್ಧಕ್ಕೆ ಹಿಮ.
ಒಳಗೆ ಇಪ್ಪತ್ತೈದು ಡಿಗ್ರಿ, ಹದಿನಾರು ತಾಸು ಹಗಲು,
ಸೂರ್ಯನ ಸ್ವಿಚ್ಚು ಗೋಡೆಯ ಮೇಲೆ
ನನ್ನ ಕೈಗೆಟುಕುವಷ್ಟೇ ಎತ್ತರದಲ್ಲಿ.

ನಾನು ಶಿಗೆನೊ. ಇಪ್ಪತ್ತೆರಡು ವರ್ಷದಿಂದ
ಲಿಲಿ ಗೆಡ್ಡೆ ಬಿಡಿಸುವುದೇ ಕೆಲಸ.
ಎಸಳೆಸಳಾಗಿ ಬಿಡಿಸಿ, ಬ್ಲೀಚಿನಲ್ಲಿ ಅದ್ದಿ,
ಮೂರು ನೀರು ತೊಳೆದು
ಉಗುರಿನಷ್ಟು ತುಂಡು ಮಾಡಿ
ಅಗಾರಿನ ಮೇಲೆ ಮಲಗಿಸುತ್ತೇನೆ.
ಮಗ್ಗುಲು ತಪ್ಪಿದರೆ ಮುನಿಸಿಕೊಂಡು ಕೂರುತ್ತವೆ.
ಯಾಕೆಂದು ಕೇಳಬೇಡಿ, ನನ್ನ ಬೆರಳಿಗೆ ಗೊತ್ತು.

ಆಮೇಲೆ ಡಾಕ್ಟರ್ ಹಯಾಸೆ ಬರುತ್ತಾರೆ.
ಅವರ ಹತ್ತಿರ ಒಂದು ಬ್ಯಾಕ್ಟೀರಿಯಾ ಇದೆ,
ಮಣ್ಣಿನದು, ಹುಟ್ಟು ಕಳ್ಳ:
ಗಿಡದ ಗಾಯ ಹುಡುಕಿ ಒಳನುಗ್ಗಿ
ತನ್ನದೊಂದು ಪತ್ರವನ್ನು
ಗಿಡದ ಕಾಗದಗಳ ನಡುವೆ ತುರುಕಿ ಬರುವ ಜಾತಿ.
ಕಳ್ಳನ ಚೀಲದಲ್ಲಿ ನಾವು ನಮ್ಮ ಪತ್ರವಿಟ್ಟೆವು,
ಬೇರೊಂದು ಹೂವು ನೀಲಿಯಾದದ್ದು ಹೇಗೆಂದು.
ಮೂರು ದಿನ ಇಬ್ಬರನ್ನೂ ಕತ್ತಲಲ್ಲಿ ಬಿಟ್ಟು
ಕೆಲಸ ಮುಗಿದ ಮೇಲೆ
ಕಳ್ಳನನ್ನು ಔಷಧಿ ಹಾಕಿ ಕೊಂದೆವು.
ಯಾರ ಋಣ ಯಾರ ಮೇಲೋ.

ನಾಲ್ಕು ಸಾವಿರದ ಇನ್ನೂರು ತುಂಡು.
ಪತ್ರ ತಲುಪದವು ವಿಷದ ತಟ್ಟೆಯಲ್ಲಿ
ಮೊದಲು ಕಂದು, ಆಮೇಲೆ ಕಪ್ಪು.
ಉಳಿದದ್ದು ಹನ್ನೊಂದು. ಬೂಷ್ಟು ಹಿಡಿದು ಆರು ಹೋದವು
(ಆಗಸ್ಟಿನಲ್ಲಿ ಏಸಿ ಕೆಟ್ಟಿತ್ತು; ಯಾರೂ ಬರೆದಿಡಲಿಲ್ಲ).
ಗೆಡ್ಡೆ ಕಟ್ಟಿದ್ದು ಮೂರು, ಕಡಲೆಕಾಳಿನಷ್ಟು.
ಅವಕ್ಕೆ ಹನ್ನೆರಡು ವಾರ
ಫ್ರಿಜ್ಜಿನೊಳಗೇ ಚಳಿಗಾಲ ಮಾಡಿಸಿದೆ.
ಹೊರಗೆ ಬೇಕಾದಷ್ಟು ಚಳಿ ಬಿದ್ದಿತ್ತು,
ಅದು ಅವಕ್ಕೆ ನಿಷಿದ್ಧ.

ಮೂರನೇ ವರ್ಷಕ್ಕೆ ಒಂದು ಮೊಗ್ಗು.
ಬೀಗದ ಗಾಜುಮನೆ; ಒಂದು ಬಾಗಿಲು ಮುಚ್ಚದೆ
ಇನ್ನೊಂದು ತೆರೆಯದು.
ಅರಳಿದ ದಿನ ಎಲ್ಲರೂ ಸುತ್ತ ನಿಂತೆವು.
ನೀಲಿ ಅಲ್ಲ.
ಒಗೆದು ಒಗೆದು ಸೋತ
ಶಾಲೆಯ ನೇರಳೆ ಸಮವಸ್ತ್ರದ ಬಣ್ಣ.
ಹಯಾಸೆ ದೀಪ ತಗ್ಗಿಸಿ ನೋಡಿದರು, ತಲೆ ವಾಲಿಸಿ ನೋಡಿದರು.
“ನೀಲಿಯ ಕಡೆಗೆ ಮುಖ ಮಾಡಿದೆ” ಅಂದರು.
ಅದು ಮುಖ ಮಾಡಿದ್ದು ನನ್ನ ಕಡೆಗೆ.

ಪರಾಗದ ಚೀಲ ಆರು. ಬಿರಿಯುವ ಮುನ್ನ ಕತ್ತರಿಸಬೇಕು, ನಿಯಮ.
ಐದು ಕತ್ತರಿಸಿದೆ,
ಆರನೆಯದಕ್ಕೆ ಬಾಗುವಾಗ ಯಾರೋ ಕರೆದರು.

ರಾತ್ರಿ ಮನೆಯಲ್ಲಿ ಮತ್ತೆ ಗೆಡ್ಡೆ,
ತಿನ್ನುವ ಲಿಲಿ, ಮೊಟ್ಟೆಯ ಜೊತೆ ಹಬೆಯಲ್ಲಿ ಬೇಯಿಸಲು.
“ಅಲ್ಲೂ ಇದೇ, ಇಲ್ಲೂ ಇದೇ” ಎಂದು ಗಂಡ ನಕ್ಕ.
ಆಗ ಕಂಡಿತು ಸ್ವೆಟರಿನ ತೋಳಂಚಿನಲ್ಲಿ
ತುಕ್ಕಿನ ಬಣ್ಣದ ಒಂದು ಗೀರು.

ಹೊರಗೆ ಎರಡು ಮೀಟರ್ ಹಿಮ.
ಹತ್ತೂರು ಸುತ್ತಿದರೂ ಒಂದು ಲಿಲಿ ಎದ್ದಿಲ್ಲ.
ಈ ಧೂಳು ಹೋಗಿ ಯಾರನ್ನು ಸೇರೀತು?
ಆದರೂ ಕೈ ತಣ್ಣಗಾಯಿತು.
ಸ್ವೆಟರ್ ಕಳಚಿ ಚೀಲಕ್ಕೆ ಹಾಕಿ
ಮೂರು ಗಂಟು ಬಿಗಿದೆ.

ಬೆಳಿಗ್ಗೆ ಹೂವು, ಕಾಂಡ, ಬೇರು, ಮಣ್ಣು,
ಮೇಲೆ ನನ್ನ ಸ್ವೆಟರು,
ಎರಡು ಚಳಿಗಾಲ ಕೂತು ನಾನೇ ಹೆಣೆದದ್ದು.
ಆಟೋಕ್ಲೇವ್ ದೊಡ್ಡ ಕುಕ್ಕರು, ಸೀಟಿಯಿಲ್ಲ ಅಷ್ಟೆ.
ನೂರಿಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ.

ತೆರೆದಾಗ ಹೂವು ಗಂಜಿ.
ಉಣ್ಣೆ ಕುಗ್ಗಿ ಗಟ್ಟಿಯಾಗಿ
ಎರಡು ವರ್ಷದ ಮಗುವಿನ ಅಳತೆಗೆ ಬಂದಿತ್ತು.
ಹಯಾಸೆ ಅದನ್ನು ಎತ್ತಿ ಹಿಡಿದು
ನಗಬಹುದೇ ಎಂದು ನನ್ನ ಮುಖ ನೋಡಿದರು.
ನಾನೇ ಮೊದಲು ನಕ್ಕೆ.

ನಾಶಪಡಿಸಿದ್ದರ ಪಟ್ಟಿ ತುಂಬಬೇಕಿತ್ತು.
ಸ್ವೆಟರ್, ಒಂದು; ಬಣ್ಣ, ಬೂದಿ.
ಹೂವು, ಒಂದು; ಬಣ್ಣ,
ಪೆನ್ನು ಅಲ್ಲೇ ನಿಂತಿತು. ಹಿಮ ಸರಿಸುವ ಗಾಡಿ
ಹಿಂದೆ ಮುಂದೆ ಓಡಾಡುತ್ತಿತ್ತು ಅಂಗಳದಲ್ಲಿ.

ಪುಟ್ಟ ತೋಳಿನಂಚಿನಲ್ಲಿ ಆ ಗೀರು
ಹೋಗಿರಲಿಲ್ಲ.
ಬೆಂದು, ನಿನ್ನೆಗಿಂತ ಕಡುವಾಗಿತ್ತು.